ಕೀಲಿಮಣೆಗೆ ಭಾಷೆ ಗೊತ್ತಿಲ್ಲ: ಹಳೆಯ ಸ್ವಿಚ್ಚುಗಳ ಸುತ್ತಲಿನ ತಪ್ಪು ಕಲ್ಪನೆ ಮತ್ತು ಸತ್ಯ

ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಲ್ಲಿ ಕಂಪ್ಯೂಟರು ಹಳತಾಯಿತೆಂದು ಯಾರೂ ಬೇಗನೆ ಎಸೆಯುವುದಿಲ್ಲ. ಲಗ್ನಪತ್ರಿಕೆ, ಕರಾರುಪತ್ರ, ಸಂಘದ ನಡಾವಳಿ, ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿ ಎಲ್ಲಕ್ಕೂ ಕನ್ನಡ ಟೈಪಿಂಗ್ ಬೇಕು. ಹಳೆಯ ಯಂತ್ರಗಳ ಜೊತೆಗೆ ಹಳೆಯ ನಂಬಿಕೆಗಳೂ ಉಳಿದುಕೊಂಡಿವೆ. ಅಕ್ಷರ ತಪ್ಪು ಬಂದರೆ ಕೀಬೋರ್ಡನ್ನು ಮಗುಚಿ, ಅಡಿಯಲ್ಲಿ ಸ್ವಿಚ್ ಹುಡುಕುವವರಿದ್ದಾರೆ. ಕನ್ನಡಕ್ಕೆಂದೇ ಬೇರೆ ಕೀಬೋರ್ಡ್ ಕೊಳ್ಳಲು ಹೊರಡುವವರೂ ಇದ್ದಾರೆ. ಎರಡೂ ಬೇಕಿಲ್ಲ. ಏಕೆ ಬೇಕಿಲ್ಲ ಎಂಬುದನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಗುಂಡಿಯ ಮೇಲೆ ಯಾವ ಅಕ್ಷರವಿದೆಯೋ ಅದನ್ನೇ ಕೀಬೋರ್ಡು ಕಳಿಸುತ್ತದೆ.

ಸತ್ಯ: ಈ ನಂಬಿಕೆ ಬಂದದ್ದು ಟೈಪ್‌ರೈಟರಿನಿಂದ. ಅದರಲ್ಲಿ ಗುಂಡಿಗೂ ಅಚ್ಚಿಗೂ ಲೋಹದ ಕಡ್ಡಿಯ ನೇರ ನಂಟು. ಕನ್ನಡದ ಅಚ್ಚು ಇದ್ದರೆ ಮಾತ್ರ ಕನ್ನಡ ಮೂಡುತ್ತದೆ. ಟೈಪಿಂಗ್ ಕ್ಲಾಸಿನಲ್ಲಿ ಕಲಿತು ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿದವರಿಗೆ ಕಂಪ್ಯೂಟರೂ ಹಾಗೆಯೇ ಎಂದು ತೋರಿದ್ದು ಸಹಜ.

ಕಂಪ್ಯೂಟರಿನ ಕೀಬೋರ್ಡು ಅಕ್ಷರ ಕಳಿಸುವುದೇ ಇಲ್ಲ. ಯಾವ ಜಾಗದ ಗುಂಡಿ ಒತ್ತಿದರು, ಯಾವಾಗ ಬಿಟ್ಟರು ಎಂಬುದನ್ನು ಸಂಖ್ಯೆಯಲ್ಲಿ ಹೇಳುತ್ತದೆ, ಅಷ್ಟೇ. ಆ ಸಂಖ್ಯೆಗೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಒಳಗಿರುವ ತಂತ್ರಾಂಶ. ಗುಂಡಿಗೆ ಸ್ಟಿಕರ್ ಅಂಟಿಸಿದರೆ ಕಣ್ಣಿಗೆ ಅನುಕೂಲವಾದೀತು, ಕಂಪ್ಯೂಟರಿಗೆ ಏನೂ ಗೊತ್ತಾಗುವುದಿಲ್ಲ.

ತಪ್ಪು ಕಲ್ಪನೆ 2: ಹಳೆಯ ಕೀಬೋರ್ಡಿನ ಅಡಿಯಲ್ಲಿರುವ ಸ್ವಿಚ್ ಭಾಷೆ ಬದಲಿಸುವುದಕ್ಕೆ.

ಸತ್ಯ: 1980ರ ದಶಕದ ಕೊನೆಯ ಪಿಸಿ ಕೀಬೋರ್ಡುಗಳ ಬೆನ್ನಿಗೆ ‘ಎಕ್ಸ್‌ಟಿ’, ‘ಎಟಿ’ ಎಂದು ಬರೆದ ಚಿಕ್ಕ ಸ್ವಿಚ್ ಇರುತ್ತಿತ್ತು. ಅದಕ್ಕೂ ಭಾಷೆಗೂ ಸಂಬಂಧವಿಲ್ಲ. ಐಬಿಎಂ 1984ರಲ್ಲಿ ತಂದ ಎಟಿ ಕಂಪ್ಯೂಟರು ಕೀಬೋರ್ಡಿನ ಜೊತೆ ಮಾತಾಡುವ ರೀತಿ ಅದಕ್ಕೂ ಹಿಂದಿನ ಎಕ್ಸ್‌ಟಿಗಿಂತ ಬೇರೆ. ಎರಡಕ್ಕೂ ಒಂದೇ ಕೀಬೋರ್ಡು ಹೊಂದಲಿ ಎಂದು ಆ ಸ್ವಿಚ್ ಇಟ್ಟರು. ಅದನ್ನು ತಪ್ಪಾಗಿ ಸರಿಸಿದರೆ ಇಂಗ್ಲಿಷ್ ಹೋಗಿ ಕನ್ನಡ ಬರುವುದಿಲ್ಲ, ಕೀಬೋರ್ಡು ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ.

ತಪ್ಪು ಕಲ್ಪನೆ 3: ಸ್ವಿಚ್ಚಿನಿಂದ ಭಾಷೆ ಬದಲಿಸುವ ಕೀಬೋರ್ಡೇ ಇರಲಿಲ್ಲ, ಅದು ಬರೀ ಕಟ್ಟುಕಥೆ.

ಸತ್ಯ: ಇತ್ತು. ಸನ್ ಕಂಪನಿಯ ವರ್ಕ್‌ಸ್ಟೇಷನ್‌ಗಳ ಜೊತೆ ಬರುತ್ತಿದ್ದ ಟೈಪ್ 4, ಟೈಪ್ 5 ಕೀಬೋರ್ಡುಗಳ ತಳದಲ್ಲಿ ಸಾಲಾಗಿ ಪುಟಾಣಿ ಡಿಪ್ ಸ್ವಿಚ್ಚುಗಳಿದ್ದವು. ಪೆನ್ನಿನ ತುದಿಯಲ್ಲಿ ಮೇಲೆ ಕೆಳಗೆ ಸರಿಸಬಹುದು. ಮೇಲಿದ್ದರೆ ಒಂದು, ಕೆಳಗಿದ್ದರೆ ಸೊನ್ನೆ. ಎಲ್ಲ ಸೇರಿ ಒಂದು ಸಂಖ್ಯೆ. ಟೈಪ್ 4ರಲ್ಲಿ ಎಲ್ಲವೂ ಸೊನ್ನೆಯಾದರೆ ಅಮೆರಿಕದ ವಿನ್ಯಾಸ, 5 ಬಂದರೆ ಜರ್ಮನಿಯದು.

ಆದರೆ ಸ್ವಿಚ್ ಸರಿಸಿದ ಮಾತ್ರಕ್ಕೆ ಗುಂಡಿಗಳು ಕಳಿಸುವ ಸಂಖ್ಯೆ ಬದಲಾಗುತ್ತಿರಲಿಲ್ಲ. ಯಂತ್ರ ಶುರುವಾಗುವಾಗ ‘ನೀನು ಯಾವ ದೇಶದ ಕೀಬೋರ್ಡು?’ ಎಂದು ಕೇಳಿದರೆ ಕೀಬೋರ್ಡು ಆ ಸ್ವಿಚ್ಚಿನ ಸಂಖ್ಯೆಯನ್ನು ಹೇಳುತ್ತಿತ್ತು. ಅದಕ್ಕೆ ತಕ್ಕ ಅಕ್ಷರಪಟ್ಟಿಯನ್ನು ಆಯ್ದುಕೊಳ್ಳುತ್ತಿದ್ದದ್ದು ಕಂಪ್ಯೂಟರೇ. ಆದ್ದರಿಂದಲೇ ಯಂತ್ರ ಆರಿಸಿ, ಸ್ವಿಚ್ ಸರಿಸಿ, ಮತ್ತೆ ಶುರು ಮಾಡಬೇಕಿತ್ತು. ಚಾಲೂ ಇರುವಾಗಲೇ ಕೀಬೋರ್ಡ್ ಕಿತ್ತರೆ ಹಳೆಯ ಸನ್ ಯಂತ್ರ ನಡೆಯುತ್ತಿದ್ದ ಕೆಲಸವನ್ನೇ ನಿಲ್ಲಿಸಿ ಕೂರುತ್ತಿತ್ತು. ಆ ಸ್ವಿಚ್ಚುಗಳ ವಿನ್ಯಾಸಪಟ್ಟಿಯಲ್ಲಿ ಯುರೋಪಿನ ಭಾಷೆಗಳಿದ್ದವು, ಜಪಾನ್, ಕೊರಿಯಾ ಇದ್ದವು. ಕನ್ನಡ ಇರಲಿಲ್ಲ.

ತಪ್ಪು ಕಲ್ಪನೆ 4: ಕನ್ನಡಕ್ಕೆ ಹಾರ್ಡ್‌ವೇರ್ ಯಾವತ್ತೂ ಬೇಕಿರಲಿಲ್ಲ.

ಸತ್ಯ: ಡಾಸ್ ಕಾಲದಲ್ಲಿ ಬೇಕಿತ್ತು. ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನೊಳಗೆ ಕೂರಿಸಿದರೆ ಕನ್ನಡವೂ ಸೇರಿ ಭಾರತದ ಲಿಪಿಗಳು ತೆರೆಯ ಮೇಲೆ ಮೂಡುತ್ತಿದ್ದವು. ಕೀಬೋರ್ಡು ಮಾತ್ರ ಸಾಮಾನ್ಯ ಇಂಗ್ಲಿಷಿನದೇ. ಭಾಷೆ ಬದಲಿಸಲು ಕ್ಯಾಪ್ಸ್ ಲಾಕ್ ಒತ್ತಿದರಾಯಿತು. ಆಮೇಲೆ ಬಂದ ‘ನುಡಿ’ ತಂತ್ರಾಂಶದಲ್ಲಿ ಆ ಕೆಲಸ ಸ್ಕ್ರಾಲ್ ಲಾಕ್ ಪಾಲಿಗೆ ಬಂತು.

ಸ್ಕ್ರಾಲ್ ಲಾಕ್ ದೀಪ ಹೊತ್ತಿದ್ದನ್ನು ಕಂಡು ಗುಂಡಿಯೇ ಕನ್ನಡ ತಂದಿತು ಎಂದುಕೊಳ್ಳುವವರು ಬಹಳ. ವಾಸ್ತವವಾಗಿ ಎಟಿ ಮತ್ತು ಪಿಎಸ್/2 ಕೀಬೋರ್ಡುಗಳಲ್ಲಿ ಆ ದೀಪವನ್ನು ಹೊತ್ತಿಸುವುದೂ ಕಂಪ್ಯೂಟರೇ. ಗುಂಡಿ ತನ್ನ ಸಂಖ್ಯೆ ಕಳಿಸುತ್ತದೆ, ‘ದೀಪ ಹಚ್ಚು’ ಎಂಬ ಆಜ್ಞೆ ಕಂಪ್ಯೂಟರಿನಿಂದ ಮರಳಿ ಬರುತ್ತದೆ.

ತಪ್ಪು ಕಲ್ಪನೆ 5: ಕನ್ನಡ ಆನ್ ಆದ ಮೇಲೆ ಯಾವ ಕಂಪ್ಯೂಟರಾದರೂ ಒಂದೇ.

ಸತ್ಯ: ಹೆಚ್ಚಿನ ತೊಂದರೆ ಹುಟ್ಟುವುದೇ ಇಲ್ಲಿ. ನಮ್ಮಲ್ಲಿ ಮುಖ್ಯವಾಗಿ ಎರಡು ವಿನ್ಯಾಸಗಳು ಬಳಕೆಯಲ್ಲಿವೆ. ಒಂದು, ಕೆ.ಪಿ. ರಾವ್ ಅವರು ಉಚ್ಚಾರಣೆಯನ್ನು ಅನುಸರಿಸಿ ರೂಪಿಸಿದ್ದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಕಚೇರಿಗಳಿಗೂ ಅಂಗಡಿಗಳಿಗೂ ತಲುಪಿದ್ದು ಇದೇ. ಇನ್ನೊಂದು, ಭಾರತದ ಹಲವು ಲಿಪಿಗಳಿಗೆ ಹೊಂದುವಂತೆ ಕೇಂದ್ರ ಸರ್ಕಾರ 1986ರಲ್ಲಿ ತಂದ ಇನ್‌ಸ್ಕ್ರಿಪ್ಟ್. ವಿಂಡೋಸ್ ಎಕ್ಸ್‌ಪಿಯಲ್ಲಿ ಬಂದದ್ದು ಇನ್‌ಸ್ಕ್ರಿಪ್ಟ್.

‘ತರೀಕೆರೆ’ ಎಂದು ಬರೆಯಬೇಕು ಅನ್ನಿ. ನುಡಿಯಲ್ಲಿ ಟಿ, ಆರ್, ಶಿಫ್ಟ್ ಹಿಡಿದು ಐ, ಕೆ, ಇ, ಆರ್, ಇ. ಇನ್‌ಸ್ಕ್ರಿಪ್ಟಿನಲ್ಲಿ ಎಲ್, ಜೆ, ಆರ್, ಕೆ, ಜಡ್, ಜೆ, ಜಡ್. ಎರಡರಲ್ಲೂ ಒಂದೇ ಗುಂಡಿಯಲ್ಲಿರುವುದು ‘ಕ’ ಮಾತ್ರ. ನುಡಿ ಕಲಿತ ಬೆರಳು ಇನ್‌ಸ್ಕ್ರಿಪ್ಟಿನ ಮೇಲೆ ಓಡಿದರೆ ಕೊಂಬು, ದೀರ್ಘ, ಒಂದು ‘ಘ’, ಒಂದು ‘ಕ’ ಸೇರಿದ ಗೋಜಲು ಮೂಡುತ್ತದೆ. ‘ಅಜ್ಜಂಪುರ’ದ ಒತ್ತಕ್ಷರಕ್ಕೆ ನುಡಿಯಲ್ಲಿ ಎಫ್, ಇನ್‌ಸ್ಕ್ರಿಪ್ಟಿನಲ್ಲಿ ಡಿ. ಕೀಬೋರ್ಡು ಕೆಟ್ಟಿದೆ ಎಂದು ಇಂಥ ಹೊತ್ತಿನಲ್ಲೇ ಜನ ತೀರ್ಮಾನಿಸುವುದು. ಕೆಟ್ಟಿರುವುದಿಲ್ಲ, ವಿನ್ಯಾಸ ಬೇರೆಯಾಗಿರುತ್ತದೆ.

ತಪ್ಪು ಕಲ್ಪನೆ 6: ಹಳೆಯ ಕಡತ ತೆರೆದಾಗ ಚಿತ್ರವಿಚಿತ್ರ ಅಕ್ಷರ ಕಂಡರೆ ಕೀಬೋರ್ಡ್ ಸೆಟ್ಟಿಂಗ್ ತಪ್ಪಿದೆ.

ಸತ್ಯ: ಆಗಲೇ ಟೈಪಾದ ಕಡತಕ್ಕೆ ಕೀಬೋರ್ಡಿನ ಹಂಗಿಲ್ಲ. ಹಳೆಯ ನುಡಿ, ಬರಹ, ಶ್ರೀಲಿಪಿ ಕಡತಗಳು ಆಯಾ ಫಾಂಟನ್ನೇ ನಂಬಿಕೊಂಡಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತವೆ. ಆ ಫಾಂಟ್ ಹಾಕಿಕೊಳ್ಳಬೇಕು, ಇಲ್ಲವೇ ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಿಸಿದ ಮೇಲೆ ಹೆಸರು, ಸರ್ವೆ ನಂಬರು, ಒತ್ತಕ್ಷರಗಳನ್ನು ಒಂದು ಸಲ ಓದಿ ನೋಡುವುದು ಒಳ್ಳೆಯದು. ಪತ್ರದಲ್ಲಿ ಒಂದು ಅಕ್ಷರ ಆಚೀಚೆಯಾದರೂ ಅದನ್ನು ತಿದ್ದಿಸಲು ಅಲೆಯಬೇಕಾದವರು ರೈತರು.

ಹಾಗಾದರೆ ಏನು ಮಾಡಬೇಕು?

ಅಕ್ಷರ ತಪ್ಪು ಬಂದಾಗ ಸ್ಕ್ರೂಡ್ರೈವರ್ ಹುಡುಕಬೇಡಿ. ಮೊದಲು ಭಾಷೆ ಕನ್ನಡಕ್ಕೆ ಬದಲಾಗಿದೆಯೇ ನೋಡಿ. ಆಮೇಲೆ ಯಾವ ವಿನ್ಯಾಸ ಎಂದು ನೋಡಿ. ಕೊನೆಗೆ ಫಾಂಟ್. ಲ್ಯಾಪ್‌ಟಾಪಿನಲ್ಲಿ ಸ್ಕ್ರಾಲ್ ಲಾಕ್ ಗುಂಡಿಯೇ ಇಲ್ಲದಿದ್ದರೆ ಗಾಬರಿಯಾಗಬೇಕಿಲ್ಲ. ವಿಂಡೋಸ್ 10ರಲ್ಲಿ ವಿಂಡೋಸ್ ಗುಂಡಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಸೇರಿಸಿಟ್ಟುಕೊಂಡ ಭಾಷೆಗಳ ನಡುವೆ ಓಡಾಡಬಹುದು. ಲಿನಕ್ಸಿನಲ್ಲಿ ‘ಕಗಪ’ (ಕನ್ನಡ ಗಣಕ ಪರಿಷತ್ತು) ಹೆಸರಿನಲ್ಲೇ ಒಂದು ಆಯ್ಕೆ ಇದೆ. ನುಡಿಗೆ ಒಗ್ಗಿದ ಬೆರಳಿಗೆ ಅದು ಹೊಸದೆನಿಸುವುದಿಲ್ಲ, ಹಳೆಯ ಯಂತ್ರದಲ್ಲೂ ನಡೆಯುತ್ತದೆ.

ಕನ್ನಡದಲ್ಲಿ ಕೆಲಸ ಮಾಡಲು ದುಬಾರಿ ಸಾಮಾನು ಬೇಕೆಂಬ ಭಾವನೆ ಕನ್ನಡಕ್ಕೇ ನಷ್ಟ. ಮಕ್ಕಳಿಗೆ ಯಾವುದಾದರೂ ಒಂದು ವಿನ್ಯಾಸವನ್ನು ನೋಡದೆ ಟೈಪಿಸುವಷ್ಟು ಚೆನ್ನಾಗಿ ಕಲಿಸಿ. ಮನೆಯಲ್ಲಿ ಬಿದ್ದಿರುವ ಹಳೆಯ ಇಂಗ್ಲಿಷ್ ಕೀಬೋರ್ಡೇ ಅದಕ್ಕೆ ಧಾರಾಳ ಸಾಕು.