ವೇಗಿಗಳಿಗೆ ಸ್ಥಾನ ಕೊಡುವ ಮುನ್ನ

ಅರಸೀಕೆರೆಯಿಂದ ಹಳೇಬೀಡು, ಬೇಲೂರಿಗೆ ಹೋಗುವ ದಾರಿಯಲ್ಲಿ ಸಿಗುವ ಜಾವಗಲ್ ಹೆಸರು ಕ್ರಿಕೆಟ್ ಲೋಕಕ್ಕೆಲ್ಲ ಗೊತ್ತು. ಹುಟ್ಟಿದ್ದು ಮೈಸೂರಿನಲ್ಲಾದರೂ ಶ್ರೀನಾಥ್ ಆ ಊರನ್ನು ಹೆಸರಿನ ಮುಂದಿಟ್ಟುಕೊಂಡೇ 1991ರಿಂದ 2003ರವರೆಗೆ ಭಾರತದ ಪರ ಆಡಿದರು. ಭಾರತದ ವೇಗಿಗಳಲ್ಲಿ ಅವರಿಗೆ ಎಷ್ಟನೆಯ ಸ್ಥಾನ? ಕಪಿಲ್ ದೇವ್ ನಂತರ ಅವರೇ ಎನ್ನುವವರಿದ್ದಾರೆ, ಜಹೀರ್ ಖಾನ್ ಎನ್ನುವವರಿದ್ದಾರೆ, ಈಗಂತೂ ಜಸ್‌ಪ್ರೀತ್ ಬೂಮ್ರಾ ಮುಂದೆ ಯಾರೂ ಇಲ್ಲ ಎನ್ನುವವರೇ ಹೆಚ್ಚು. ಈ ಚರ್ಚೆ ಬಗೆಹರಿಯದಿರಲು ಅಭಿಮಾನವೊಂದೇ ಕಾರಣವಲ್ಲ. ಯಾವ ಅಳತೆಗೋಲು ಎಂದು ತೀರ್ಮಾನಿಸದೆಯೇ ನಾವು ಸ್ಥಾನ ಹಂಚಲು ಕೂರುತ್ತೇವೆ. ಒಬ್ಬ ಬೌಲರನನ್ನು ಅಳೆಯಬೇಕಾದದ್ದು, ಅವನಿಗೆ ಸಿಕ್ಕ ಪಿಚ್ ಮತ್ತು ಸಿಕ್ಕ ಜೊತೆಗಾರರ ನಡುವೆ ಅವನು ಚೆಂಡಿನಿಂದ ಮಾಡಿದ ಕೆಲಸವನ್ನು. ತಂಡದ ಗೆಲುವನ್ನೂ ವೃತ್ತಿಜೀವನದ ಒಟ್ಟು ಲೆಕ್ಕವನ್ನೂ ಆ ತಕ್ಕಡಿಯಿಂದ ಕೆಳಗಿಳಿಸಬೇಕು ಎಂಬುದು ನನ್ನ ವಾದ.

ಮೊದಲು ಅಂಕಿಗಳನ್ನೇ ನೋಡೋಣ. ಟೆಸ್ಟ್‌ನಲ್ಲಿ ಕಪಿಲ್ 434, ಜಹೀರ್ 311, ಶ್ರೀನಾಥ್ 236 ವಿಕೆಟ್ ಪಡೆದರು. ಒಟ್ಟು ವಿಕೆಟ್ ಲೆಕ್ಕ ಹಾಕಿದರೆ ಶ್ರೀನಾಥ್ ಕೊನೆಯವರು. ಒಂದು ವಿಕೆಟ್‌ಗೆ ಕೊಟ್ಟ ರನ್, ಅಂದರೆ ಸರಾಸರಿ ತೆಗೆದುಕೊಳ್ಳಿ: ಕಪಿಲ್ 29.64, ಶ್ರೀನಾಥ್ 30.49, ಜಹೀರ್ 32.94. ಈಗ ಶ್ರೀನಾಥ್ ಜಹೀರ್ ಅವರನ್ನು ದಾಟಿದರು. ಒಂದು ವಿಕೆಟ್‌ಗೆ ಎಷ್ಟು ಚೆಂಡು ಬೇಕಾಯಿತು ಎಂದು ಕೇಳಿದರೆ ಜಹೀರ್‌ಗೆ ಸುಮಾರು 60, ಉಳಿದಿಬ್ಬರಿಗೂ ಸುಮಾರು 64. ಕೊನೆಯಲ್ಲಿದ್ದ ಜಹೀರ್ ಮೊದಲಿಗರಾದರು. ಅದೇ ಮೂವರು, ಅದೇ ಅಂಕಿ ಅಂಶ, ಮೂರು ಬೇರೆ ಬೇರೆ ಪಟ್ಟಿಗಳು. ಜಹೀರ್ ಆಡಿದ ಕಾಲಕ್ಕೆ ಟೆಸ್ಟ್ ಬ್ಯಾಟಿಂಗ್ ಬಿರುಸಾಗಿತ್ತು. ಓವರಿಗೆ ಹೆಚ್ಚು ರನ್ ಹೋಗುತ್ತಿತ್ತು, ಹೊಡೆಯಲು ಹೋದವರು ಬೇಗ ಔಟೂ ಆಗುತ್ತಿದ್ದರು. ಹಾಗಾಗಿ ಈ ವ್ಯತ್ಯಾಸದಲ್ಲಿ ಎಷ್ಟು ಬೌಲರನದು, ಎಷ್ಟು ಕಾಲದ್ದು ಎಂದು ಬರೀ ಸಂಖ್ಯೆ ಹೇಳಲಾರದು.

ಒಟ್ಟು ವಿಕೆಟ್‌ಗಳ ಲೆಕ್ಕಕ್ಕೆ ಇನ್ನೊಂದು ದೊಡ್ಡ ಕೊರತೆಯಿದೆ: ಆಡದೆ ಕಳೆದ ದಿನಗಳು ಅದರಲ್ಲಿ ಕಾಣುವುದಿಲ್ಲ. ಶ್ರೀನಾಥ್ ಮೊದಲ ಟೆಸ್ಟ್ ಆಡಿದ್ದು 1991ರ ನವೆಂಬರಿನಲ್ಲಿ, ಬ್ರಿಸ್ಬೇನ್‌ನಲ್ಲಿ. ತವರಿನಲ್ಲಿ ಮೊದಲ ಟೆಸ್ಟ್ ಸಿಕ್ಕಿದ್ದು 1994ರ ನವೆಂಬರಿನಲ್ಲಿ, ಮುಂಬೈಯಲ್ಲಿ. ನಡುವಿನ ಮೂರು ವರ್ಷ ಭಾರತ ತವರಿನಲ್ಲಿ ಸ್ಪಿನ್ನರುಗಳನ್ನೇ ನೆಚ್ಚಿ ಗೆಲ್ಲುತ್ತಿತ್ತು, ಹೊಸ ಚೆಂಡು ಕಪಿಲ್ ಮತ್ತು ಮನೋಜ್ ಪ್ರಭಾಕರ್ ಕೈಯಲ್ಲಿತ್ತು. ಶ್ರೀನಾಥ್ ಕಾಯುತ್ತಿದ್ದಾಗಲೇ, 1994ರ ಫೆಬ್ರವರಿಯಲ್ಲಿ, ಕಪಿಲ್ ರಿಚರ್ಡ್ ಹ್ಯಾಡ್ಲಿಯವರ 431 ವಿಕೆಟ್‌ಗಳ ದಾಖಲೆ ದಾಟಿದರು. ವೇಗಿಯೊಬ್ಬನ ತೋಳಿಗೆ ಬಲ ತುಂಬಿರುವ 22ರಿಂದ 25ರ ವಯಸ್ಸು ಹೀಗೆ ಕಾಯುವುದರಲ್ಲಿ ಹೋಯಿತು. ಕಾದವನ ವಿಕೆಟ್ ಕಡಿಮೆ ಎಂದು ಅವನ ಸ್ಥಾನ ಇಳಿಸುವುದು ಯಾವ ನ್ಯಾಯ? ತಂಡಕ್ಕೆ ಬಂದ ಮೇಲೂ ತವರಿನ ಪಿಚ್‌ಗಳಲ್ಲಿ ಚೆಂಡು ಬೇಗನೆ ಅನಿಲ್ ಕುಂಬ್ಳೆ ಕೈಗೆ ಹೋಗುತ್ತಿತ್ತು. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಕುಂಬ್ಳೆ ಒಂಬತ್ತು ವಿಕೆಟ್ ಕಿತ್ತು ನಿಂತಿದ್ದಾಗ, ಇನ್ನೊಂದು ತುದಿಯಿಂದ ಶ್ರೀನಾಥ್ ಬೇಕೆಂದೇ ಸ್ಟಂಪ್‌ನಿಂದ ಬಹಳ ಹೊರಗೆ ಚೆಂಡೆಸೆದರು. ಗೆಳೆಯನಿಗೆ ಹತ್ತೂ ಸಿಗಲಿ ಎಂದು ತನ್ನ ವಿಕೆಟ್ ಬಿಟ್ಟುಕೊಟ್ಟ ಆ ಓವರು ಅಂಕಿ ಅಂಶದಲ್ಲಿ ಬರೀ ನಷ್ಟವಾಗಿ ದಾಖಲಾಗಿದೆ.

ಗೆಲುವಿನ ಮಾತಿಗೆ ಬಂದರೆ ಎರಡು ಟೆಸ್ಟ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1996ರ ಅಹಮದಾಬಾದ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಗೆಲ್ಲಲು ಬೇಕಿದ್ದದ್ದು 170. ಶ್ರೀನಾಥ್ 21 ರನ್ ಕೊಟ್ಟು 6 ವಿಕೆಟ್ ಪಡೆದರು, ಎದುರಾಳಿ 105ಕ್ಕೆ ಆಲೌಟ್, ಭಾರತಕ್ಕೆ ಜಯ. ದೆಹಲಿ ಟೆಸ್ಟ್ ಮುಗಿದ ಎರಡು ವಾರದೊಳಗೆ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮತ್ತೆ ಪಾಕಿಸ್ತಾನ. ಮೊದಲ ದಿನ ಬೆಳಿಗ್ಗೆ ಅವರ ಸ್ಕೋರು 6 ವಿಕೆಟ್‌ಗೆ 26. ಶ್ರೀನಾಥ್ ಮೊದಲ ಇನ್ನಿಂಗ್ಸ್‌ನಲ್ಲಿ 46ಕ್ಕೆ 5, ಎರಡನೆಯದರಲ್ಲಿ 86ಕ್ಕೆ 8, ಒಟ್ಟು 13 ವಿಕೆಟ್ ಪಡೆದರು. ಅವರ ಟೆಸ್ಟ್ ಜೀವನದ ಶ್ರೇಷ್ಠ ಬೌಲಿಂಗ್ ಅದೇ. ಆದರೆ ಸಯೀದ್ ಅನ್ವರ್ ಔಟಾಗದೆ 188 ಹೊಡೆದರು. 279 ಬೆನ್ನಟ್ಟಿದ ಭಾರತ, ಮೊದಲ ವಿಕೆಟ್‌ಗೆ 108 ಬಂದ ಮೇಲೂ 232ಕ್ಕೆ ಕುಸಿಯಿತು. ತೆಂಡೂಲ್ಕರ್ ರನೌಟ್ ಆದದ್ದಕ್ಕೆ ಬೌಲರ್ ಏನು ಮಾಡಬೇಕಿತ್ತು? ಗೆಲುವನ್ನು ಅಳತೆಗೋಲಾಗಿಸಿದರೆ ಅಹಮದಾಬಾದ್ ಮೇಲೇರುತ್ತದೆ, ಕೋಲ್ಕತ್ತ ಮೂಲೆಗೆ ಸರಿಯುತ್ತದೆ. ಅಮೆರಿಕದ ಫುಟ್‌ಬಾಲ್‌ನಲ್ಲಿ ಚೆಂಡೆಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಬಗ್ಗೆಯೂ ಇದೇ ಜಗಳ. ಎಸೆತದ ದಾಖಲೆಗಳನ್ನೆಲ್ಲ ಮುರಿದ ಡ್ಯಾನ್ ಮರಿನೊ ಒಂದು ಸೂಪರ್ ಬೌಲ್ ಕೂಡ ಗೆಲ್ಲಲಿಲ್ಲ; ಸಾಧಾರಣ ಎಸೆತಗಾರ ಟ್ರೆಂಟ್ ಡಿಲ್ಫರ್, ತಂಡದ ಅದ್ಭುತ ರಕ್ಷಣೆಯ ಬಲದಿಂದ 2001ರಲ್ಲಿ ಗೆದ್ದರು. ಬೇಲೂರಿನಲ್ಲಿ ದಾಸೋಜ, ಚಾವಣರಂಥ ಶಿಲ್ಪಿಗಳು ಮದನಿಕೆಯ ಪೀಠದಲ್ಲೇ ಹೆಸರು ಕೆತ್ತಿದ್ದರಿಂದ ಯಾವುದು ಯಾರ ಕೆಲಸವೆಂದು ನಮಗೆ ತಿಳಿಯುತ್ತದೆ. ಹನ್ನೊಂದು ಜನರ ಆಟದ ಫಲಿತಾಂಶದಲ್ಲಿ ಅಂಥ ಸಹಿ ಇರುವುದಿಲ್ಲ.

ಆಟವಾಡುವುದೇ ಗೆಲ್ಲಲು ಅಲ್ಲವೇ ಎಂದು ಕೇಳಬಹುದು. ನಿಜ, ತಂಡ ಆಡುವುದು ಗೆಲ್ಲಲೆಂದೇ. ಆದರೆ ನಾವು ಸ್ಥಾನ ಕೊಡುತ್ತಿರುವುದು ತಂಡಕ್ಕಲ್ಲ. ಸಂದರ್ಭ, ಪಿಚ್ ಎಂದೆಲ್ಲ ಹೇಳುತ್ತ ಹೋದರೆ ಕೊನೆಗೆ ಉಳಿಯುವುದು ನಮ್ಮೂರಿನವನೆಂಬ ಪಕ್ಷಪಾತವೇ ಅಲ್ಲವೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಅದಕ್ಕೆ ಉತ್ತರ ಸಂಖ್ಯೆಗಳನ್ನು ಬಿಡುವುದಲ್ಲ, ಇನ್ನೂ ಸೂಕ್ಷ್ಮವಾಗಿ ಎಣಿಸುವುದು. 1987ರಲ್ಲಿ ಶುರುವಾಗಿ ಇಂದು ಐಸಿಸಿ ನಡೆಸುತ್ತಿರುವ ರ‍್ಯಾಂಕಿಂಗ್ ಆ ದಿಕ್ಕಿನಲ್ಲೇ ಇದೆ: ಔಟಾದ ಬ್ಯಾಟರ್ ಎಂಥವನು, ಆ ಪಂದ್ಯದಲ್ಲಿ ರನ್ ಎಷ್ಟು ಸುಲಭವಾಗಿ ಬಂತು ಎಂಬುದನ್ನೆಲ್ಲ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಪಂದ್ಯದ ಫಲಿತಾಂಶಕ್ಕೂ ಅದರಲ್ಲಿ ಪಾಲು ಕೊಟ್ಟಿರುವುದನ್ನು ಮಾತ್ರ ನಾನು ಒಪ್ಪಲಾರೆ.

ಹೀಗೆ ಅಳೆದರೆ ನನ್ನ ಪಟ್ಟಿಯಲ್ಲಿ ಬೂಮ್ರಾ ಮೊದಲಿಗರು. 2024ರ ಡಿಸೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ 200ನೆಯ ವಿಕೆಟ್ ಪಡೆದಾಗ ಅವರ ಸರಾಸರಿ 20ಕ್ಕಿಂತ ಕಡಿಮೆಯಿತ್ತು. 200 ವಿಕೆಟ್ ದಾಟಿದ ಬೇರೆ ಯಾವ ಬೌಲರನಿಗೂ ಅದು ಸಾಧ್ಯವಾಗಿಲ್ಲ. ಅವರಿಗೆ ಇನ್ನೊಂದು ತುದಿಯಲ್ಲಿ ಒಳ್ಳೆಯ ವೇಗಿಗಳ ಆಸರೆ ಸಿಕ್ಕಿತೆಂದು ರಿಯಾಯಿತಿ ಕಳೆದರೂ ಅಂತರ ಮುಚ್ಚುವುದಿಲ್ಲ. ಬಹುಕಾಲ ಸರಿಸಮನಾದ ಜೊತೆಗಾರನಿಲ್ಲದೆ 131 ಟೆಸ್ಟ್ ಆಡಿದ ಕಪಿಲ್ ಎರಡನೆಯವರು. ಮೂರನೆಯ ಸ್ಥಾನಕ್ಕೆ ಪಿಚ್ ಯಾವುದೆಂದು ಕೇಳದೆ ಹೆಸರು ಹೇಳಲಾಗದು. ಶ್ರೀನಾಥ್ ಸರಾಸರಿ ಹೊರದೇಶಕ್ಕಿಂತ ತವರಿನಲ್ಲೇ ಚೆನ್ನಾಗಿತ್ತು, ಅದೂ ಸ್ಪಿನ್ನರುಗಳಿಗೆಂದು ಸಿದ್ಧಪಡಿಸಿದ ನೆಲದಲ್ಲಿ. ಜಹೀರ್ ಅವರದು ತಿರುವುಮುರುವು. 2007ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ 9 ವಿಕೆಟ್ ಪಡೆದ ಜಹೀರ್‌ಗೆ ಇಂಗ್ಲೆಂಡಿನಲ್ಲಿ ಹೊಸ ಚೆಂಡು ಕೊಡುತ್ತೇನೆ. ಅಹಮದಾಬಾದ್‌ನ ಒಣ ಪಿಚ್‌ನಲ್ಲಿ ಕಡಿಮೆ ರನ್ ಉಳಿಸಿಕೊಳ್ಳಬೇಕಾಗಿ ಬಂದರೆ ಆ ಚೆಂಡು ಜಾವಗಲ್ ಶ್ರೀನಾಥ್ ಅವರಿಗೆ.