ಹಣ ಬಂದು ಆಟ ಕೆಟ್ಟಿತೇ? ಅಮೆರಿಕದ ಕಾಲೇಜು ಫುಟ್‌ಬಾಲಿನ ಒಂದು ನಂಬಿಕೆ

ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅಮೆರಿಕದ ಶನಿವಾರಗಳು ಕಾಲೇಜು ಫುಟ್‌ಬಾಲಿಗೆ ಮೀಸಲು. ನಮಗೆ ಗೊತ್ತಿರುವ ಕಾಲ್ಚೆಂಡಲ್ಲ ಇದು. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಹೆಲ್ಮೆಟ್ ತೊಟ್ಟು, ಎದುರಾಳಿಗಳ ನಡುವೆ ಮೈಯೊಡ್ಡಿ ನುಗ್ಗುವ ಆಟ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣ ಒಂದರಲ್ಲೇ 1,07,000ಕ್ಕೂ ಹೆಚ್ಚು ಆಸನಗಳಿವೆ. ಅಲ್ಲಿ ಕೂರುವ ಅಭಿಮಾನಿಗಳ ಬಾಯಲ್ಲಿ ಕೆಲವು ವರ್ಷಗಳಿಂದ ಒಂದೇ ರಾಗ: ಆಟಗಾರರ ಕೈಗೆ ಹಣ ಬಂತು, ಆಟ ಕೆಟ್ಟಿತು, ಹಿಂದೆ ಹುಡುಗರು ಕಾಲೇಜಿನ ಮೇಲಿನ ಪ್ರೀತಿಗಾಗಿ ಆಡುತ್ತಿದ್ದರು, ಈಗ ಹೆಚ್ಚು ಕೊಟ್ಟವರ ಹಿಂದೆ ಹೋಗುತ್ತಾರೆ. ಹುಡುಗರು ಈಗ ಹೆಚ್ಚಾಗಿ ಕಾಲೇಜು ಬದಲಿಸುತ್ತಾರೆ ಎಂಬುದು ನಿಜ. ಆದರೆ ಹಣವಿಲ್ಲದ ಆ ‘ಹಿಂದೆ’ ಯಾವ ದಶಕದಲ್ಲಿತ್ತು ಎಂದು ಹುಡುಕಿದರೆ ಸಿಗುವುದಿಲ್ಲ. ಹಣದ ಪಂಕ್ತಿಯೂಟ ಶತಮಾನದಿಂದ ನಡೆದೇ ಇತ್ತು. ಆಟಗಾರನಿಗೂ ಬಹಿರಂಗವಾಗಿ ಎಲೆ ಹಾಕಿದ್ದಷ್ಟೇ ಹೊಸದು.

ಅಮೆರಿಕದ ಮೊದಲ ಅಂತರ-ಕಾಲೇಜು ಸ್ಪರ್ಧೆ ಫುಟ್‌ಬಾಲ್ ಅಲ್ಲ, ದೋಣಿ ಓಟ. 1852ರಲ್ಲಿ ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳು ನ್ಯೂ ಹ್ಯಾಂಪ್‌ಶೈರ್‌ನ ಸರೋವರವೊಂದರಲ್ಲಿ ಪೈಪೋಟಿಯಿಂದ ಹುಟ್ಟು ಹಾಕಿದರು. ಅದರ ಖರ್ಚು ಹೊತ್ತದ್ದು ಒಂದು ರೈಲ್ವೆ ಕಂಪನಿ. ಪ್ರೇಕ್ಷಕರು ತನ್ನ ರೈಲು ಹತ್ತಲಿ ಎಂಬುದು ಅದರ ಲೆಕ್ಕ. ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ನಡೆದದ್ದು ಇದಾಗಿ ಹದಿನೇಳು ವರ್ಷಕ್ಕೆ, 1869ರಲ್ಲಿ. 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನ ಕಾಲೇಜು ಕ್ರೀಡೆಗಳ ಬಗ್ಗೆ ದೊಡ್ಡ ವರದಿಯೊಂದನ್ನು ಹೊರತಂದಾಗ, ಆಟಗಾರರನ್ನು ಸೆಳೆಯಲು ಹಣ, ಹೆಸರಿಗಷ್ಟೇ ಇರುವ ಕೆಲಸ, ಹಳೆಯ ವಿದ್ಯಾರ್ಥಿಗಳ ಗುಟ್ಟಿನ ನೆರವು ಇವೆಲ್ಲ ಆಗಲೇ ಬೇರುಬಿಟ್ಟಿದ್ದವು ಎಂದು ದಾಖಲಿಸಿತು. ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆ ಎನ್‌ಸಿಎಎ 1948ರಲ್ಲಿ ಇದಕ್ಕೆಲ್ಲ ಕಡಿವಾಣ ಹಾಕಹೋಗಿ, ತನ್ನ ಸದಸ್ಯ ಕಾಲೇಜುಗಳೇ ಒಪ್ಪದ ಕಾರಣ 1951ರಲ್ಲಿ ಕೈಬಿಟ್ಟಿತು. ಇನ್ನು 1980ರ ದಶಕದ ಕತೆ. ಟೆಕ್ಸಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಆಟಗಾರರಿಗೆ ಗುಟ್ಟಾಗಿ ತಿಂಗಳ ಹಣ ಸಂದಾಯವಾಗುತ್ತಿದ್ದುದು ಬಯಲಾಗಿ, 1987ರಲ್ಲಿ ಆ ತಂಡದ ಇಡೀ ಋತುವನ್ನೇ ರದ್ದುಮಾಡಲಾಯಿತು. ಆಗ ಟೆಕ್ಸಸ್ ಗವರ್ನರ್ ಆಗಿದ್ದ ಬಿಲ್ ಕ್ಲೆಮೆಂಟ್ಸ್, ಹಿಂದೆ ತಾವು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿದ್ದಾಗ ಈ ಪಾವತಿ ಮುಂದುವರಿಯಲೆಂದು ಒಪ್ಪಿಗೆ ಕೊಟ್ಟಿದ್ದನ್ನು ಬಹಿರಂಗವಾಗಿಯೇ ಹೇಳಿದರು. ರಾಜ್ಯದ ಮುಖ್ಯಸ್ಥರವರೆಗೂ ಗೊತ್ತಿದ್ದ ಗುಟ್ಟು ಅದು.

ಹಾಗಾದರೆ ಆಟಗಾರರಿಗೆ ಹಣ ಕೊಡಬಾರದೆಂಬ ನಿಷೇಧ ಯಾರಿಗಾಗಿ ಇತ್ತು? 1955ರಲ್ಲಿ ಕೊಲರಾಡೋದ ಫೋರ್ಟ್ ಲೂಯಿಸ್ ಕಾಲೇಜಿನ ಆಟಗಾರ ರೇ ಡೆನಿಸನ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಕೆಲಸಗಾರ ಸತ್ತರೆ ಕುಟುಂಬಕ್ಕೆ ಸಿಗುವ ಪರಿಹಾರವನ್ನು ಅವರ ಪತ್ನಿ ಕೇಳಿದರು. ಕಾಲೇಜು ಫುಟ್‌ಬಾಲ್ ವ್ಯಾಪಾರ ಮಾಡುತ್ತಿಲ್ಲ, ಆದ್ದರಿಂದ ಆಟಗಾರ ಕೆಲಸಗಾರನಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 1957ರಲ್ಲಿ ತೀರ್ಪಿತ್ತಿತು. ಎನ್‌ಸಿಎಎಯನ್ನು 1951ರಿಂದ 1988ರವರೆಗೆ ಮುನ್ನಡೆಸಿದ ವಾಲ್ಟರ್ ಬೈಯರ್ಸ್ 1995ರ ತಮ್ಮ ಪುಸ್ತಕದಲ್ಲಿ, ಆಟಗಾರರನ್ನು ಉದ್ಯೋಗಿಗಳೆಂದು ಕರೆದುಬಿಟ್ಟಾರು ಎಂಬ ಭಯದಿಂದಲೇ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಹೆಸರನ್ನು ಚಲಾವಣೆಗೆ ತಂದೆವು ಎಂದು ಬರೆದರು. ಹವ್ಯಾಸಿ ಆಟದ ಆದರ್ಶವನ್ನು ಕಟ್ಟಿದವರೇ ಅದರ ಅಡಿಪಾಯ ಪರಿಹಾರದ ಖರ್ಚಿನ ಭಯ ಎಂದಮೇಲೆ, ಅಭಿಮಾನಿಗಳು ಅದಕ್ಕಿಂತ ಹೆಚ್ಚು ಭಕ್ತಿ ತೋರಬೇಕಿಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪ: ಪುಕ್ಕಟೆ ಓದು, ಊಟ, ವಸತಿ ಸಿಗುವುದಿಲ್ಲವೇ? ಅಮೆರಿಕದ ಕಾಲೇಜು ಶುಲ್ಕ ಕಟ್ಟಲು ಸಾಲ ಮಾಡಿದ ಯಾರಿಗೂ ಈ ಮಾತು ತೂಕದ್ದೇ. ಆದರೆ ಆ ಸ್ಕಾಲರ್‌ಶಿಪ್ ಒಳಗಿನಿಂದ ಹೇಗಿತ್ತು ಎಂಬುದನ್ನೂ ನೋಡಬೇಕು. 1973ರಲ್ಲಿ ನಾಲ್ಕು ವರ್ಷದ ಭರವಸೆಯನ್ನು ತೆಗೆದು ಅದನ್ನು ವರ್ಷವರ್ಷವೂ ನವೀಕರಿಸಬೇಕಾದ ಒಪ್ಪಂದವಾಗಿಸಲಾಯಿತು. ಹಲವು ವರ್ಷಗಳ ಸ್ಕಾಲರ್‌ಶಿಪ್‌ಗೆ ಮತ್ತೆ ಅನುಮತಿ ಸಿಕ್ಕಿದ್ದು 2012ರಲ್ಲಿ. ನಡುವಿನ ನಾಲ್ಕು ದಶಕ, ಕೋಚ್‌ಗೆ ಬೇಡವಾದ ಹುಡುಗನ ಓದೂ ತೂಗುಯ್ಯಾಲೆಯಲ್ಲೇ. ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸಬಾರದೆಂಬ ನಿಯಮವಿದೆ ನಿಜ. ಆದರೆ ಆ ಲೆಕ್ಕದಲ್ಲಿ ಪ್ರಯಾಣ ಸೇರುವುದಿಲ್ಲ, ಬೆಳಗಿನಿಂದ ರಾತ್ರಿಯವರೆಗೆ ನಡೆಯುವ ಪಂದ್ಯದ ದಿನವನ್ನು ಮೂರೇ ಗಂಟೆ ಎಂದು ಬರೆದುಕೊಳ್ಳುತ್ತಾರೆ. ಸ್ಕಾಲರ್‌ಶಿಪ್ ಒಂದು ಬಗೆಯ ಪ್ರತಿಫಲ, ಒಪ್ಪೋಣ. ಆದರೆ ಎಲ್ಲ ಕಾಲೇಜುಗಳೂ ಕೂಡಿ ಕೂತು, ಇದಕ್ಕಿಂತ ಹೆಚ್ಚು ಯಾರೂ ಕೊಡಕೂಡದು ಎಂದು ಕಟ್ಟು ಮಾಡಿಕೊಂಡದ್ದು ಬೇರೆ ಸಂಗತಿ. 2021ರ ಜೂನ್‌ನಲ್ಲಿ ಆಲ್‌ಸ್ಟನ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತದ್ದು ಇಂಥ ಕಟ್ಟಿನ ಒಂದು ತುಂಡಿನ ಬಗ್ಗೆಯೇ: ಓದಿಗೆ ಸಂಬಂಧಿಸಿದ ಸೌಲಭ್ಯಗಳ ಮೇಲೆ ಹಾಕಿದ್ದ ಮಿತಿ. ಬೇರೆ ಯಾವ ಉದ್ಯಮವೂ ಹೀಗೆ ನಡೆದುಕೊಂಡು ಕಾನೂನಿನಿಂದ ಪಾರಾಗಲಾರದು ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಕ್ಯಾವನಾ ತಮ್ಮ ಪ್ರತ್ಯೇಕ ಟಿಪ್ಪಣಿಯಲ್ಲಿ ಬರೆದರು. ರಾಜಕೀಯವಾಗಿ ಎರಡು ಹೋಳಾದ ಆ ಪೀಠ ಇಷ್ಟು ಒಮ್ಮತಕ್ಕೆ ಬಂದದ್ದನ್ನು ಗಮನಿಸಬೇಕು.

ಎರಡನೆಯ ಆಕ್ಷೇಪ, ಬಹುತೇಕ ಕಾಲೇಜುಗಳ ಕ್ರೀಡಾ ವಿಭಾಗ ನಷ್ಟದಲ್ಲಿದೆ, ಕೊಡಲು ಹಣವೆಲ್ಲಿದೆ ಎಂಬುದು. ಲೆಕ್ಕಪತ್ರ ಸುಳ್ಳು ಹೇಳುವುದಿಲ್ಲ. ಬಂದದ್ದಕ್ಕಿಂತ ಹೆಚ್ಚು ಖರ್ಚು ಮಾಡುವ ವಿಭಾಗಗಳೇ ಹೆಚ್ಚು. ಖರ್ಚು ಎಲ್ಲಿಗೆ ಹೋಗುತ್ತದೆಂಬುದೇ ಪ್ರಶ್ನೆ. ಪಾಲುದಾರರಿಗೆ ಲಾಭ ಹಂಚಬೇಕಿಲ್ಲದ ಸಂಸ್ಥೆ ಬಂದದ್ದನ್ನೆಲ್ಲ ಖರ್ಚು ಮಾಡಿ ಮುಗಿಸುತ್ತದೆ. ಆಟಗಾರರಿಗೆ ಕೊಡುವಂತಿಲ್ಲದಿದ್ದಾಗ ಅದು ಕೋಚ್‌ಗಳಿಗೂ ಕಟ್ಟಡಗಳಿಗೂ ಹರಿಯಿತು. ಕ್ಲೆಮ್ಸನ್ ವಿಶ್ವವಿದ್ಯಾಲಯ 2017ರಲ್ಲಿ ತೆರೆದ ಫುಟ್‌ಬಾಲ್ ಭವನದಲ್ಲಿ ಬೌಲಿಂಗ್ ಅಂಕಣವಿದೆ, ಪುಟ್ಟ ಗಾಲ್ಫ್ ಮೈದಾನವಿದೆ, ಮಕ್ಕಳ ಪಾರ್ಕಿನಲ್ಲಿರುವಂಥ ಜಾರುಬಂಡೆಯೂ ಇದೆ. ಟೆಕ್ಸಸ್ ಎ ಅಂಡ್ ಎಂ 2023ರಲ್ಲಿ ತನ್ನ ಕೋಚ್‌ನನ್ನು ತೆಗೆದುಹಾಕಿದಾಗ, ಇನ್ನು ಮುಂದೆ ಕೆಲಸ ಮಾಡದಿರುವುದಕ್ಕಾಗಿ ಆತನಿಗೆ ಏಳೂವರೆ ಕೋಟಿ ಡಾಲರ್‌ಗೂ ಹೆಚ್ಚು ಕೊಡಬೇಕಾಯಿತು. ಅಂದಹಾಗೆ ಈ ಹಣವೆಲ್ಲ ಎನ್‌ಸಿಎಎ ಖಜಾನೆಗೆ ಹೋಗುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಅದರ ಆದಾಯದ ಬಹುಪಾಲು ಪುರುಷರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯದು. ಉನ್ನತ ಮಟ್ಟದ ಫುಟ್‌ಬಾಲಿನ ಟಿವಿ ಹಕ್ಕು 1984ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಎನ್‌ಸಿಎಎ ಕೈತಪ್ಪಿ ಕಾಲೇಜುಗಳಿಗೂ ಅವುಗಳ ಒಕ್ಕೂಟಗಳಿಗೂ ಸೇರಿತು.

ಈಗಿನ ವ್ಯವಸ್ಥೆಯ ಬಗ್ಗೆಯೂ ಗೊಂದಲ ಕಡಿಮೆಯಿಲ್ಲ. ಕಾಲೇಜುಗಳು 2021ರಿಂದಲೇ ಸಂಬಳ ಕೊಡುತ್ತಿವೆ ಎಂದು ಹಲವರು ತಿಳಿದಿದ್ದಾರೆ. ಆ ವರ್ಷದ ಜುಲೈ 1ರಂದು ಸಿಕ್ಕಿದ್ದು ತನ್ನ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಬಳಸಿ ಹೊರಗಿನವರಿಂದ ಗಳಿಸುವ ಹಕ್ಕು ಮಾತ್ರ. ಅದೇ ಕಾಲೇಜಿನ ಸಂಗೀತ ವಿದ್ಯಾರ್ಥಿಗೆ ಹಾಡಿ ಗಳಿಸಲು ಎಂದೂ ಅಡ್ಡಿಯಿರಲಿಲ್ಲ. ಜಾಹೀರಾತಿನ ಹೆಸರಿನಲ್ಲಿ ಶ್ರೀಮಂತ ಅಭಿಮಾನಿಗಳು ಕೂಟ ಕಟ್ಟಿ ಆಟಗಾರರನ್ನೇ ಖರೀದಿಸಿದರು ಎಂಬ ದೂರು ಸರಿಯಾದದ್ದೇ. ಕಾಲೇಜುಗಳೇ ನೇರವಾಗಿ ಕೊಡಲು ಅವಕಾಶವಾದದ್ದು 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ, ಹೌಸ್ ಎಂಬ ಮೊಕದ್ದಮೆಯ ರಾಜಿಯ ಮೇಲೆ. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್, ಅದೂ ಎಲ್ಲ ಕ್ರೀಡೆಗಳಿಗೆ ಸೇರಿ. ಹಳೆಯ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಬಾಕಿ ಪರಿಹಾರ. ದೊಡ್ಡ ಮೊತ್ತವೇ. ಆದರೆ ಅಭಿಮಾನಿಗಳ ಬಾಯಲ್ಲಿರುವ ಲಕ್ಷಾಂತರ ಡಾಲರುಗಳ ಒಪ್ಪಂದ ದೊಡ್ಡ ಕಾಲೇಜುಗಳ ಕೆಲವೇ ಆಟಗಾರರದು, ಅದರಲ್ಲೂ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳದು. ಎನ್‌ಸಿಎಎಯ ಕೆಳಗಿನ ಹಂತವಾದ ಮೂರನೆಯ ವಿಭಾಗದ ಕಾಲೇಜುಗಳಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೂಡ ಇಲ್ಲ; ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್‌ನಲ್ಲೂ ಇಲ್ಲ. ಕಾಲೇಜು ಆಟಗಾರರಲ್ಲಿ ವೃತ್ತಿಪರ ಎನ್‌ಎಫ್‌ಎಲ್ ತಲುಪುವವರು ನೂರಕ್ಕೆ ಇಬ್ಬರೂ ಅಲ್ಲ ಎಂಬುದು ಎನ್‌ಸಿಎಎಯದೇ ಲೆಕ್ಕ.

ಹೀಗಿರುವಾಗ ಯಾವ ಹುಡುಗನ ಬೆಲೆ ಎಷ್ಟು ಎಂಬುದನ್ನು ಎಲ್ಲರಿಗಿಂತ ಮೊದಲು ಲೆಕ್ಕ ಹಾಕುವವರು ಅಭಿಮಾನಿಗಳೇ. ಹೈಸ್ಕೂಲು ಹುಡುಗರಿಗೆ ಎರಡರಿಂದ ಐದು ನಕ್ಷತ್ರ ಕೊಟ್ಟು ಶ್ರೇಣಿ ಕಟ್ಟುವ ಸಂಸ್ಥೆಗಳು ಚಂದಾ ಹಣದ ಮೇಲೆ ನಡೆಯುತ್ತವೆ. ಈ ನಕ್ಷತ್ರಗಳೆಲ್ಲ ಬುರುಡೆ ಎನ್ನುವವರು ಜೋಷ್ ಆಲೆನ್ ಹೆಸರು ಹೇಳುತ್ತಾರೆ. ಯಾವ ದೊಡ್ಡ ಕಾಲೇಜಿಗೂ ಬೇಡವಾಗಿದ್ದ ಆತ ಎನ್‌ಎಫ್‌ಎಲ್‌ನ ಅಗ್ರ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಒಬ್ಬನಾದ. ಆದರೆ ಐದು ನಕ್ಷತ್ರದವರು ವರ್ಷಕ್ಕೆ ಮೂವತ್ತರ ಆಸುಪಾಸು, ಮೂರು ನಕ್ಷತ್ರದವರು ಅದರ ಎಷ್ಟೋ ಪಟ್ಟು. ದೊಡ್ಡ ಗುಂಪಿನಿಂದ ಹೆಚ್ಚು ತಲೆಗಳು ಮೇಲೆ ಬರುವುದು ಸಹಜ. ಒಬ್ಬೊಬ್ಬನ ಸಾಧ್ಯತೆ ನೋಡಿದರೆ ಐದು ನಕ್ಷತ್ರದವನೇ ಬಹಳ ಮುಂದೆ. ಹಣ ಬಂದು ತಂಡಗಳ ನಡುವಿನ ಸಮತೋಲನ ಹಾಳಾಯಿತು ಎಂಬ ವಾದವೂ ಎಡವುತ್ತದೆ. ಆಟಗಾರರಿಗೆ ಸ್ಕಾಲರ್‌ಶಿಪ್ ಮೀರಿ ನಿಯಮದ ಪ್ರಕಾರ ಹೆಚ್ಚೇನೂ ಇಲ್ಲದಿದ್ದ ಕಾಲದಲ್ಲೇ ಅಲಬಾಮಾ 2009ರಿಂದ 2020ರ ನಡುವೆ ಆರು ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಬಹುಕಾಲ ಸೋಲಿಗೇ ಹೆಸರಾಗಿದ್ದ ಇಂಡಿಯಾನಾ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ಗೆ ಬಂದದ್ದು ಹಣ ಹರಿಯತೊಡಗಿದ ಮೇಲೆ, 2024ರಲ್ಲಿ. ಇದರಿಂದ ಹಣವೇ ಸಮತೋಲನ ತಂದಿತೆಂದು ಹೇಳಲಾಗದು; ಹಣವಿಲ್ಲದಾಗ ಸಮತೋಲನ ಇತ್ತೆಂದು ಮಾತ್ರ ಹೇಳಬಾರದು.

ನಿಷ್ಠೆಯ ಮಾತು ಬಂದಾಗ ನಾನು ಅಷ್ಟೊಂದು ಸಹಾನುಭೂತಿ ತೋರಲಾರೆ. 2021ರ ನವೆಂಬರ್‌ನಲ್ಲಿ ನೋಟರ್ ಡೇಮ್‌ನ ಕೋಚ್ ಬ್ರಯನ್ ಕೆಲಿ, ತಂಡಕ್ಕೆ ಪ್ಲೇಆಫ್ ಅವಕಾಶ ಇನ್ನೂ ಉಳಿದಿರುವಾಗಲೇ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೊರಟರು. ಅದೇ ವರ್ಷದವರೆಗೂ ಫುಟ್‌ಬಾಲ್ ಆಟಗಾರ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಬೆಂಚಿನ ಮೇಲೆ ಕೂರಬೇಕಿತ್ತು. ಸಣ್ಣ ಕ್ರೀಡೆಗಳು ಸೊರಗುತ್ತವೆ ಎಂಬ ಆತಂಕಕ್ಕೆ ಮಾತ್ರ ಆಧಾರವಿದೆ: ಹೊಸ ರಾಜಿಯು ತಂಡಗಳ ಗಾತ್ರಕ್ಕೆ ಮಿತಿ ಹಾಕಿದ್ದರಿಂದ, ಸ್ಕಾಲರ್‌ಶಿಪ್ ಇಲ್ಲದೆ ಆಡುತ್ತಿದ್ದವರು ಸ್ಥಾನ ಕಳೆದುಕೊಂಡರು. ಆದರೂ ಸ್ಟ್ಯಾನ್‌ಫರ್ಡ್‌ನಂಥ ಶ್ರೀಮಂತ ವಿಶ್ವವಿದ್ಯಾಲಯ 11 ಕ್ರೀಡೆಗಳನ್ನು ನಿಲ್ಲಿಸುವುದಾಗಿ ಘೋಷಿಸಿದ್ದು 2020ರಲ್ಲಿ, ಆಟಗಾರರ ಜತೆ ಆದಾಯ ಹಂಚಿಕೊಳ್ಳದಿದ್ದ ಕಾಲದಲ್ಲಿ. ವಿರೋಧ ಬಂದಮೇಲೆ ಮರುವರ್ಷ ಹಿಂದೆಗೆಯಿತು.

ಆಟಗಾರ ಉದ್ಯೋಗಿಯೇ ಎಂಬ ಡೆನಿಸನ್ ಕಾಲದ ಪ್ರಶ್ನೆಗೆ ಹೌಸ್ ರಾಜಿ ಉತ್ತರಿಸಿಲ್ಲ. ಕೆಲವು ಸಂದರ್ಭಗಳಲ್ಲಿ ಆಗಬಹುದು ಎಂದು ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದು 2024ರ ಜುಲೈನಲ್ಲಿ ಜಾನ್ಸನ್ ಮೊಕದ್ದಮೆಯಲ್ಲಿ ಹೇಳಿದೆ. ಇದರ ಬಿಸಿ ತಟ್ಟುವುದು ವಿದೇಶಿ ಆಟಗಾರರಿಗೂ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾ ದುಡಿಮೆಗೆ ಹಾಕುವ ಕಟ್ಟುಪಾಡು ಎಂಥದೆಂದು ಅಲ್ಲಿ ಓದಿದ ಕನ್ನಡಿಗರಿಗೆ ಹೇಳಬೇಕಿಲ್ಲ. ಅದೇ ವೀಸಾದ ಮೇಲೆ ಬಂದು ಅಮೆರಿಕದ ತಂಡಗಳಲ್ಲಿ ಚೆಂಡು ಒದೆಯುವ ಆಸ್ಟ್ರೇಲಿಯಾದ ಹುಡುಗರು ಎಷ್ಟೋ ಮಂದಿ. ಕಾಲೇಜು ಕೊಡುವ ಹಣ ಸಂಬಳವೇ ಎಂದು ನಾಳೆ ತೀರ್ಮಾನವಾದರೆ, ಅಮೆರಿಕದ ಆಟಗಾರನಿಗೆ ಅದು ಹಕ್ಕು. ಅವನ ಪಕ್ಕದಲ್ಲೇ ನಿಂತ ವಿದೇಶಿ ಹುಡುಗನಿಗೆ ಅದನ್ನು ಮುಟ್ಟಿದರೆ ವೀಸಾಕ್ಕೇ ಸಂಚಕಾರ ಬರಬಹುದು.