ಹಣ ಪಡೆಯಲು ರುಜು ಬೇಡ

ಮುಂಬಯಿಯಿಂದ ಮನಿಯಾರ್ಡರ್ ಬಂದಾಗ ಊರಿನ ತಾಯಂದಿರು ಅಂಚೆಯವನೆದುರು ರುಜು ಹಾಕಿಯೋ ಹೆಬ್ಬೆಟ್ಟೊತ್ತಿಯೋ ಹಣ ಪಡೆಯುತ್ತಿದ್ದರು. ಪಡೆಯುವವನೇ ರುಜು ಹಾಕಬೇಕೆಂಬ ಆ ರೂಢಿ ನಮ್ಮ ಮನಸ್ಸಿನಿಂದ ಇನ್ನೂ ಅಳಿದಿಲ್ಲ. 2016ರಲ್ಲಿ ಬಂದ ಯು.ಪಿ.ಐ. ಪದ್ಧತಿಯಲ್ಲಾದರೋ ಕ್ರಮವು ತಿರುಗಿದೆ. ಪಿನ್ ಸಂಖ್ಯೆಯು ಹಣ ಕೊಡಲಿಕ್ಕೆ ಬೇಕು, ಶಿಲ್ಕು ನೋಡಲಿಕ್ಕೆ ಬೇಕು. ಪಡೆಯಲಿಕ್ಕೆ ಬೇಡವೇ ಬೇಡ.

ಸೈನ್ಯದ ಅಧಿಕಾರಿಯೆಂದು ಹೇಳಿಕೊಂಡು ಹೋಟೆಲಿಗೆ ಫೋನು ಮಾಡುವ ವಂಚಕರಿದ್ದಾರೆ. ಐವತ್ತು ಊಟಕ್ಕೆ ಹೇಳಿ, “ಮುಂಗಡ ಕಳುಹಿದ್ದೇನೆ, ಪಿನ್ ಒತ್ತಿ ಪಡೆದುಕೊಳ್ಳಿ” ಎನ್ನುತ್ತಾರೆ. ಗಲ್ಲೆಯಲ್ಲಿ ಕುಳಿತವನು ಒತ್ತಿದನೋ, ಹಣ ಹೋಯಿತು. ಇಂಥವನು ಎಷ್ಟು ಸವಿಯಾಗಿ, ನಮ್ಮ ಕನ್ನಡದಲ್ಲಿಯೇ ಮಾತನಾಡಿದರೂ ನಂಬತಕ್ಕದ್ದಲ್ಲ. ಒಂದೇ ಖೋಲಿಯಲ್ಲಿ ಮಲಗುವ ಗೆಳೆಯರಿಗೂ ಪಿನ್ ಹೇಳುವುದು ತರವಲ್ಲ. ಸ್ನೇಹ ಬೇರೆ, ಸಂಬಳದ ಬೀಗದ ಕೈ ಬೇರೆ.

ಮೋಸವಾದ ಕೂಡಲೇ 1930 ಸಂಖ್ಯೆಗೆ ಫೋನು ಮಾಡಬೇಕು, ತಮ್ಮ ಬ್ಯಾಂಕಿಗೂ ತಿಳಿಸಬೇಕು. ಕದ್ದ ಹಣವು ಖಾತೆಯಿಂದ ಖಾತೆಗೆ ಬೇಗ ಹಾರುತ್ತದೆ. ಇನ್ನೂ ಎಲ್ಲಿಯಾದರೂ ನಿಂತಿದ್ದರೆ ಮಾತ್ರ ಅದನ್ನು ತಡೆಹಿಡಿಯಬಹುದು. ಧಣಿಗಳು ಬೈದಾರೆಂದು ಹೆದರಿ ರಾತ್ರಿ ಹೋಟೆಲು ಮುಚ್ಚುವ ತನಕ ಸುಮ್ಮನಿರುವ ನಮ್ಮ ಹುಡುಗರಿಗೆ ನಾವು ಇದನ್ನೇ ಒತ್ತಿ ಹೇಳುತ್ತೇವೆ. ಫೋನಿಗೆ ಬಂದ ಬ್ಯಾಂಕಿನ ಸಂದೇಶವನ್ನು ಅಳಿಸಬಾರದು. ವ್ಯವಹಾರದ ಸಂಖ್ಯೆಯನ್ನೂ ವೇಳೆಯನ್ನೂ ದೂರು ಬರೆಯಿಸುವಾಗ ಕೇಳುತ್ತಾರೆ.